ಯಾವ ತರಬೇತಿ ಬೇಕು ಎಂದು ಕೇಳುವ ಮೊದಲು

ತರಬೇತಿಯ ಅಗತ್ಯ ತಿಳಿಯಲು ಹಳ್ಳಿಗೆ ಬರುವ ನಮೂನೆಗಳು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. ಹೆಸರು, ವಯಸ್ಸು, ಓದು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಕೊನೆಯಲ್ಲಿ ‘ಬೇಕಾದ ತರಬೇತಿ’ ಎಂಬ ಅಂಕಣ. ಅದರ ಕೆಳಗೆ ಹೊಲಿಗೆ, ಬ್ಯೂಟಿ ಪಾರ್ಲರ್, ಮೊಬೈಲ್ ರಿಪೇರಿ, ಕಂಪ್ಯೂಟರ್, ಹೈನುಗಾರಿಕೆ ಎಂದು ಮೊದಲೇ ಅಚ್ಚಾದ ಪಟ್ಟಿ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕಪುಸ್ತಕ ಬರೆಯುವ ಎಂಬಿಕೆ ಮನೆ ಮನೆ ಹತ್ತಿಳಿದು, “ಅಕ್ಕಾ, ನಿಮಗೆ ಯಾವ ತರಬೇತಿ ಬೇಕು?” ಎಂದು ಕೇಳುತ್ತಾಳೆ. “ಹೊಲಿಗೆ ಅಂತ ಬರ್ಕೊ ಮಾರಾಯ್ತಿ” ಎಂಬ ಉತ್ತರ ಬರುತ್ತದೆ. ಪಟ್ಟಿ ಭರ್ತಿಯಾಗುತ್ತದೆ, ವರದಿ ಮೇಲಕ್ಕೆ ಹೋಗುತ್ತದೆ, ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ ಹೊಲಿಗೆಗೆ ಭಾರೀ ಬೇಡಿಕೆಯಿದೆ ಎಂಬ ತೀರ್ಮಾನ ಕೆಳಕ್ಕೆ ಬರುತ್ತದೆ.

ಈ ಪದ್ಧತಿಯ ದೊಡ್ಡ ದೋಷ ಇಲ್ಲೇ ಇದೆ. ಕೊಡುವವರ ಬಳಿ ಏನಿದೆಯೋ ಅದನ್ನೇ ಬೇಡುವವರ ಬಾಯಲ್ಲಿ ಹೇಳಿಸಿ, ಅದಕ್ಕೆ ‘ಅಗತ್ಯ’ ಎಂಬ ಹೆಸರಿಡಲಾಗುತ್ತದೆ. ರಾಜ್ಯ ಸರ್ಕಾರ 2017ರಲ್ಲಿ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಆರಂಭಿಸಿದಾಗ ಊರೂರಲ್ಲಿ ಯುವಕರ ನೋಂದಣಿ ನಡೆಯಿತು. ಅಷ್ಟು ಜನರನ್ನು ಒಂದೆಡೆ ಸೇರಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ನೋಂದಣಿ ಬೇರೆ, ಅಗತ್ಯದ ಅಧ್ಯಯನ ಬೇರೆ. ವಿಲಿಯಂ ಮೆಕ್‌ಗೀ ಮತ್ತು ಪಾಲ್ ಥೇಯರ್ 1961ರಲ್ಲಿ ಕಾರ್ಖಾನೆಗಳನ್ನು ಗಮನದಲ್ಲಿಟ್ಟುಕೊಂಡು ಬರೆದ ಪುಸ್ತಕ ಈ ಅಧ್ಯಯನಕ್ಕೆ ಮೂರು ಪ್ರಶ್ನೆಗಳನ್ನು ಹಾಕಿಕೊಟ್ಟಿತು: ಸಂಸ್ಥೆಯಲ್ಲಿ ತೊಡಕು ಎಲ್ಲಿದೆ, ಆ ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ, ಅದನ್ನು ಮಾಡುವವರಲ್ಲಿ ಯಾರಿಗೆ ಏನು ಬಾರದು. ನಮ್ಮ ನಮೂನೆ ಈ ಮೂರನೆಯದರ ಅರ್ಧವನ್ನಷ್ಟೇ ಮುಟ್ಟುತ್ತದೆ. ಕೆಲಸವನ್ನು ಕಣ್ಣಾರೆ ನೋಡುವ ನಡುವಿನ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ.

ಕುಮಟಾ ತಾಲೂಕಿನ ಮಿರ್ಜಾನದ ಸುತ್ತಮುತ್ತ ಕೆಲಸ ನೋಡಬೇಕಾದರೆ ಅಘನಾಶಿನಿಯ ಹಿನ್ನೀರಿಗೆ ಇಳಿಯಬೇಕು. ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ ಬರುವ ಈ ನದಿ ತದಡಿಯ ಹತ್ತಿರ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಈ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ ಸಿಕ್ಕಿತು. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಸೊಂಟಮಟ್ಟ ನೀರಿನಲ್ಲಿ ನಿಂತು ಅಂಗಾಲಿನಿಂದ ಕೆಸರನ್ನು ತಡಕುತ್ತಾರೆ. ಗಟ್ಟಿಯಾದದ್ದು ತಾಗಿದರೆ ಬಾಗಿ ಕೈಗೆತ್ತಿಕೊಂಡು ಬುಟ್ಟಿಗೆ ಹಾಕುತ್ತಾರೆ. ಅದು ಬೆಳಚು, ಚಿಪ್ಪಿನೊಳಗಿನ ಮಾಂಸ. ಒಂದಿಷ್ಟು ಮನೆಗೆ, ಒಂದಿಷ್ಟು ಸಂತೆಗೆ, ಉಳಿದದ್ದು ದಲ್ಲಾಳಿಗಳ ಮೂಲಕ ಗೋವೆಯವರೆಗೆ ಹೋಗುತ್ತದೆ. ಚಿಪ್ಪು ಸುಣ್ಣಕ್ಕೆ. ಎರಡು ಸಾವಿರಕ್ಕೂ ಮಿಕ್ಕಿ ಜನ ನೇರವಾಗಿ ಇದನ್ನೇ ನಂಬಿದ್ದರು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಲೆಕ್ಕ ಹಾಕಿದ್ದರು. ತರಬೇತಿಯ ಪಟ್ಟಿಯಲ್ಲಿ ಇವರ ಕಸುಬಿನ ಹೆಸರು ಕಾಣುವುದು ಅಪರೂಪ.

ಇವರಿಗೆ ಏನು ಬೇಕು? ಬೆಳಚು ಹಿಡಿಯುವುದನ್ನು ಕಲಿಸಬೇಕಾಗಿಲ್ಲ. ಎಷ್ಟು ದೊಡ್ಡದಾದ ಮೇಲೆ ಆರಿಸಬೇಕು, ಮರಿ ಬಿಟ್ಟರೆ ಮುಂದಿನ ವರ್ಷ ಏನಾಗುತ್ತದೆ ಎಂಬುದನ್ನು ಎಲ್ಲರೂ ಸೇರಿ ಒಪ್ಪಿಕೊಳ್ಳಬೇಕಾಗಿದೆ. ಹಿಡಿದದ್ದನ್ನು ಮಾರುವ ಮೊದಲು ಶುದ್ಧ ನೀರಿನಲ್ಲಿ ಇಟ್ಟು ಮರಳು ಮತ್ತು ರೋಗಾಣುಗಳನ್ನು ಕಳೆಯುವ ವಿಧಾನ ಗೊತ್ತಾದರೆ ದರ ಏರುತ್ತದೆ. ತೂಕ, ದರ, ಮುಂಗಡ ಸಾಲ ಇವುಗಳ ಲೆಕ್ಕ ಇಡಲು ಬಂದರೆ ದಲ್ಲಾಳಿಯೊಂದಿಗೆ ಮಾತನಾಡುವ ಧೈರ್ಯ ಬರುತ್ತದೆ. ಪ್ರಥಮ ಚಿಕಿತ್ಸೆ, ಮುಳುಗಿದವರನ್ನು ಎತ್ತುವ ಕ್ರಮ ಗೊತ್ತಿದ್ದರೆ ಜೀವ ಉಳಿಯುತ್ತದೆ. ಇವೆಲ್ಲ ತಿಳಿದದ್ದು ಕೆಲಸವನ್ನು ನೋಡಿದ್ದರಿಂದ. ಅಂಕಣ ತುಂಬಿಸಿಕೊಂಡಿದ್ದರೆ ಒಂದೂ ಹೊರಬರುತ್ತಿರಲಿಲ್ಲ.

ಸಮಯದ ಮಾತು ಇನ್ನೂ ಮುಖ್ಯ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ನೀರು ಇಳಿದಿದ್ದರೆ ಮೂರು ದಿನದಲ್ಲಿ ಅದು ಹತ್ತೂವರೆಗೆ ಬಂದಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಹೆಚ್ಚು ಹಿಂದೆ ಸರಿಯುವುದರಿಂದ ದುಡಿಮೆಯೂ ಆಗಲೇ ಹೆಚ್ಚು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ತಿಂಗಳು ಪೂರ್ತಿ ನಡೆಯುವ ತರಬೇತಿಗೆ ಬೆಳಚು ಆರಿಸುವ ಹೆಂಗಸು ಬರಲೊಲ್ಲಳು ಎಂದರೆ ಅವಳಿಗೆ ಆಸಕ್ತಿ ಇಲ್ಲವೆಂದಲ್ಲ, ಬಂದರೆ ಆ ತಿಂಗಳ ಅನ್ನ ಹೋಗುತ್ತದೆ ಎಂದು. ಪಂಚಾಂಗ ನೋಡಿ ವೇಳಾಪಟ್ಟಿ ಮಾಡುವುದು ಕಷ್ಟದ ಕೆಲಸವೇನಲ್ಲ. ಅಷ್ಟಮಿಯ ಆಸುಪಾಸಿನ ದಿನಗಳಲ್ಲಿ ಎರಡೆರಡು ಗಂಟೆಯಂತೆ ಇಟ್ಟರೆ ಸಾಕು. ಹಳ್ಳಿಯವರ ಕೈಯಲ್ಲೇ ಋತುಮಾನದ ನಕ್ಷೆ ಬರೆಸಿ ನೋಡುವ ವಿಧಾನವನ್ನು ರಾಬರ್ಟ್ ಚೇಂಬರ್ಸ್‌ರಂಥವರು ದಶಕಗಳ ಹಿಂದೆಯೇ ಜನಪ್ರಿಯಗೊಳಿಸಿದ್ದಾರೆ. ನಮ್ಮ ಸಂಪನ್ಮೂಲ ವ್ಯಕ್ತಿಗಳು ಅದನ್ನು ಕಲಿತೂ ಇದ್ದಾರೆ. ನಮೂನೆ ತುಂಬಿಸುವ ದಿನ ಮಾತ್ರ ಅದು ನೆನಪಾಗುವುದಿಲ್ಲ.

ಗಜನಿ ಗದ್ದೆಗಳ ಕಥೆ ಬೇರೆ. ಹಿನ್ನೀರಿನ ಅಂಚಿಗೆ ಒಡ್ಡು ಕಟ್ಟಿ, ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಕಗ್ಗ ಭತ್ತ ಬಿತ್ತುವ ಪದ್ಧತಿ ಮಾಣಿಕಟ್ಟಾದಂಥ ಊರುಗಳಲ್ಲಿ ಉಳಿದುಬಂದಿದೆ. ಕಗ್ಗ ಉಪ್ಪುನೀರನ್ನೂ ನೆರೆಯನ್ನೂ ತಾಳುವ ಎತ್ತರದ ತಳಿ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಲಾದ ಮೇಲೆ ಹಲಗೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಂಥ ರೈತರಿಗೆ ‘ಸುಧಾರಿತ ಭತ್ತದ ಬೇಸಾಯ’ದ ತರಬೇತಿ ಕೊಡುವುದು ಅವರ ಹೊತ್ತನ್ನು ಹಾಳುಮಾಡಿದಂತೆ. ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲಿ ಎತ್ತಿದ ಪ್ರಶ್ನೆಯನ್ನು ಇಲ್ಲಿ ಹಾಕಿ ನೋಡಬೇಕು: ಕೆಲಸ ಆಗದಿರುವುದು ಬಾರದ್ದಕ್ಕೋ, ಬೇರೆ ಅಡ್ಡಿಯಿಂದಲೋ? ಗದ್ದೆಯ ಒಡ್ಡು ಒಡೆದಿದ್ದರೆ ದುರಸ್ತಿಗೆ ದುಡ್ಡು ಬೇಕು. ಅಕ್ಕಿಗೆ ದರ ಸಿಗದಿದ್ದರೆ ಮಾರುಕಟ್ಟೆ ಬೇಕು. ತರಬೇತಿಯಿಂದ ಒಡ್ಡಿನ ಬಾಯಿ ಮುಚ್ಚುವುದಿಲ್ಲ. ಇದು ತರಬೇತಿಯ ಅಗತ್ಯವಲ್ಲ ಎಂದು ವರದಿಯಲ್ಲಿ ಬರೆಯುವ ಧೈರ್ಯವೇ ಒಳ್ಳೆಯ ಸಮೀಕ್ಷೆಯ ಗುರುತು ಎಂದು ನನ್ನ ಅಭಿಪ್ರಾಯ.

ಅದೇ ಗಜನಿಯಲ್ಲಿ ಸಿಗಡಿ ಸಾಕಣೆಗೆ ಇಳಿದವರ ವಿಷಯದಲ್ಲಿ ಮಾತ್ರ ಕಲಿಕೆಯ ಕೊರತೆ ನಿಜ. ತೊಂಬತ್ತರ ದಶಕದ ಸಿಗಡಿ ಸುಗ್ಗಿಯನ್ನು ಬಿಳಿಚುಕ್ಕೆ ರೋಗ ಮುಗಿಸಿತು. ಮರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ತರುವುದು, ನಿಷೇಧಿತ ಆ್ಯಂಟಿಬಯಾಟಿಕ್ ಬಳಸದಿರುವುದು ಕಲಿತು ಮಾಡಬೇಕಾದ ಕೆಲಸಗಳು. ಆದರೆ ಒಬ್ಬನ ಕೆರೆಯ ನೀರು ಪಕ್ಕದವನ ಕೆರೆಗೆ ಹೋಗುವ ಜಾಗದಲ್ಲಿ ಒಬ್ಬನಿಗೆ ತರಬೇತಿ ಕೊಟ್ಟು ಪ್ರಯೋಜನವಿಲ್ಲ. ಆಂಧ್ರದ ಕರಾವಳಿಯಲ್ಲಿ 2000ದ ದಶಕದಲ್ಲಿ ಸಮುದ್ರೋತ್ಪನ್ನಗಳ ರಫ್ತು ನೋಡಿಕೊಳ್ಳುವ ಎಂಪೆಡಾ ಸಂಸ್ಥೆ ಒಂದೇ ಕಾಲುವೆಯ ರೈತರನ್ನೆಲ್ಲ ಸಂಘ ಮಾಡಿ, ಒಟ್ಟಿಗೆ ಮರಿ ಬಿಡಿಸಿ, ಒಟ್ಟಿಗೆ ಕಲಿಸಿದ್ದು ಇದೇ ಕಾರಣಕ್ಕೆ. ನಮ್ಮ ನಮೂನೆಗೆ ಕಾಣುವುದು ಒಬ್ಬೊಬ್ಬ ವ್ಯಕ್ತಿ. ಕಾಲುವೆ ಅದಕ್ಕೆ ಕಾಣುವುದಿಲ್ಲ.

ಇಷ್ಟು ಟೀಕಿಸಿದ ಮೇಲೆ, ಕರ್ನಾಟಕದಲ್ಲೇ ಹುಟ್ಟಿದ ಒಂದು ಒಳ್ಳೆಯ ಮಾದರಿಯ ಬಗ್ಗೆ ಹೇಳಲೇಬೇಕು. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಇಡೀ ದೇಶಕ್ಕೆ ಮೇಲ್ಪಂಕ್ತಿಯಾಯಿತು. ನಮ್ಮ ಜಿಲ್ಲೆಯ ಹಳಿಯಾಳದಲ್ಲೂ ಅಂಥ ಸಂಸ್ಥೆಯಿದೆ. ಅಲ್ಲಿ ಕಸುಬಿಗೆ ಮೊದಲು ಛಲವನ್ನು ಬೆಳೆಸುತ್ತಾರೆ. ರಿಂಗ್ ಎಸೆಯುವ, ಗೋಪುರ ಕಟ್ಟುವ ಆಟಗಳಲ್ಲಿ ಅಭ್ಯರ್ಥಿ ತಾನು ಎಷ್ಟು ದೂರದ ಗುರಿ ಇಟ್ಟುಕೊಳ್ಳುತ್ತೇನೆ ಎಂಬುದನ್ನು ತಾನೇ ಕಂಡುಕೊಳ್ಳುತ್ತಾನೆ. ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಅರವತ್ತರ ದಶಕದಲ್ಲಿ ಕಾಕಿನಾಡದ ಸಣ್ಣ ಉದ್ಯಮಿಗಳೊಂದಿಗೆ ನಡೆಸಿದ ಪ್ರಯೋಗದ ಹಾದಿಯೇ ಅದು. ಊಟ, ವಸತಿ ಉಚಿತ. ಮುಗಿದ ಮೇಲೆ ಬ್ಯಾಂಕ್ ಸಾಲದ ದಾರಿ, ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುವ ವ್ಯವಸ್ಥೆ. ಈ ಕೊನೆಯದನ್ನು ನಾನು ಅತ್ಯಂತ ಮೆಚ್ಚುತ್ತೇನೆ. ಕಲಿತವರು ಎಲ್ಲಿ ಎಡವಿದರು ಎಂದು ಗೊತ್ತಾಗುವುದೇ ಮುಂದಿನ ತಂಡದ ಅಗತ್ಯದ ನಿಜವಾದ ಅಧ್ಯಯನ.

ಆ ಮಾದರಿಗೆ ಮಿತಿಯೂ ಇದೆ. ಬಹುಕಾಲ 18ರಿಂದ 45ರ ವಯೋಮಿತಿ ಇಟ್ಟುಕೊಂಡ, ವಸತಿಸಹಿತ ವ್ಯವಸ್ಥೆ ಅದು. ಸ್ವಂತ ಉದ್ಯೋಗ ಹೂಡಲು ಹೊರಟ ಯುವಕನಿಗೆ ಹೇಳಿ ಮಾಡಿಸಿದಂತಿದೆ. ಐವತ್ತು ದಾಟಿದ ಬೆಳಚಿನ ಹೆಂಗಸಿಗೆ, ಹಸುಗೂಸಿನ ತಾಯಿಗೆ, ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬೇಸಿಗೆಯಿಡೀ ಕೂಲಿ ಮಾಡುವವರಿಗೆ ಅಲ್ಲ. ಒಂದೇ ಅಚ್ಚನ್ನು ಎಲ್ಲರ ಮೇಲೆ ಒತ್ತಿದರೆ ದೋಷ ಉಜಿರೆಯ ಮಾದರಿಯದ್ದಲ್ಲ, ಒತ್ತುವವರದ್ದು.

ಯುವಕರ ಕುರಿತು ಹೆಚ್ಚು ಹೇಳಬೇಕಿಲ್ಲ. ಅವರಿಗೆ ಎಲ್ಲಿ ಕೆಲಸವಿದೆ, ಸಂಬಳವೆಷ್ಟು, ಗೋವೆಯಲ್ಲೋ ಬೆಂಗಳೂರಿನಲ್ಲೋ ಉಳಿಯುವ ಖರ್ಚೆಷ್ಟು ಎಂಬ ಮಾಹಿತಿ ಮೊದಲು ಬೇಕು, ಕೋರ್ಸ್ ಆಮೇಲೆ. ಊರಿನಲ್ಲೇ ಮಾಡಬಹುದಾದ ಒಂದು ಕೆಲಸ ಮಾತ್ರ ಕಣ್ಣೆದುರಿಗೆ ಇದ್ದೂ ಗಮನಕ್ಕೆ ಬಂದಂತಿಲ್ಲ. ಮಳೆಗಾಲದಲ್ಲಿ ಹಸಿರು ಹಾವಸೆ ಹೊದ್ದ ಮಿರ್ಜಾನ ಕೋಟೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಕಾಳುಮೆಣಸಿನ ವ್ಯಾಪಾರ, ಗೇರುಸೊಪ್ಪೆಯ ಚೆನ್ನಭೈರಾದೇವಿ, ಉತ್ಖನನದಲ್ಲಿ ಸಿಕ್ಕ ಚೀನಾದ ಪಿಂಗಾಣಿ ಚೂರುಗಳ ಬಗ್ಗೆ ಹೇಳಬಲ್ಲ ಊರಿನ ಹತ್ತು ಹುಡುಗ ಹುಡುಗಿಯರನ್ನು ತಯಾರು ಮಾಡಲು ದೊಡ್ಡ ಕಟ್ಟಡ ಬೇಡ. ಕೋಟೆಯೇ ತರಗತಿಯಾಗುತ್ತದೆ.

ಕಲಿಯಬೇಕಾದ ಇನ್ನೊಂದು ಗುಂಪು ಯಾವ ನಮೂನೆಯಲ್ಲೂ ಇಲ್ಲ. ಅದು ಕಲಿಸುವವರದ್ದು. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ರೈತರು, ಗ್ರಾಮೀಣ ಯುವಜನರು, ವಿಸ್ತರಣಾ ಸಿಬ್ಬಂದಿ ಎಂದು ಕಲಿಯುವವರನ್ನು ಮೂರು ಬಗೆಯಾಗಿ ನೋಡುವ ಜಾಣತನ ಈ ಕೇಂದ್ರಗಳ ಕಾರ್ಯಕ್ರಮಗಳಲ್ಲಿದೆ. ನಮ್ಮ ಜಿಲ್ಲೆಯ ಕೇಂದ್ರ ಇರುವುದು ಘಟ್ಟದ ಮೇಲೆ, ಶಿರಸಿಯಲ್ಲಿ, ಅಡಿಕೆ ಮತ್ತು ಮೆಣಸಿನ ನಾಡಿನಲ್ಲಿ. ಬಯಲುಸೀಮೆಯಿಂದ ವರ್ಗವಾಗಿ ಕುಮಟೆಗೆ ಬರುವ ಯುವ ಅಧಿಕಾರಿಗೆ ಗಜನಿ ಎಂದರೇನು, ಒಡ್ಡಿನ ಬಾಗಿಲು ಯಾವಾಗ ತೆರೆಯುತ್ತಾರೆ ಎಂಬುದನ್ನು ಕಲಿಸಬಲ್ಲವರು ಮಾಣಿಕಟ್ಟಾದ ಕಗ್ಗದ ರೈತರು. ಅವರಿಗೆ ಸಂಪನ್ಮೂಲ ವ್ಯಕ್ತಿಯ ಗೌರವಧನ ಕೊಟ್ಟು, ಆ ಅಧಿಕಾರಿಯನ್ನು ಒಂದು ಮಳೆಗಾಲ ಅವರೊಟ್ಟಿಗೆ ಗದ್ದೆಗೆ ಇಳಿಸಬೇಕು. ಮುಂದಿನ ವರ್ಷದ ‘ಬೇಕಾದ ತರಬೇತಿ’ ಅಂಕಣವನ್ನು ಅವನು ಅದಾದ ಮೇಲೆ ಬರೆಯಲಿ.