ಆಸ್ಕರ್ ತೊಟ್ಟಿಗೆ ನೆರೆಯವರು ಯಾರು?

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಕಡೆಯ ಮನೆಗಳಲ್ಲಿ ಮೀನು ಸಾಕುವ ಹವ್ಯಾಸ ಬಹುಮಟ್ಟಿಗೆ ಒಂದೇ ದಾರಿ ಹಿಡಿಯುತ್ತದೆ. ಮೊದಲು ಮಕ್ಕಳ ಹಟಕ್ಕೆ ಗೋಲ್ಡ್‌ಫಿಶ್ ಬರುತ್ತದೆ, ಆಮೇಲೆ ಏಂಜಲ್, ಕೊನೆಗೊಂದು ದಿನ ಎರಡಿಂಚಿನ ಆಸ್ಕರ್ ಮರಿ. ಆಸ್ಕರ್ ಬಂದ ಮೇಲೆ ಉಳಿದ ಮೀನುಗಳ ಕಡೆ ಯಾರೂ ಹೆಚ್ಚು ನೋಡುವುದಿಲ್ಲ. ಯಾಕೆಂದರೆ ಈ ಮೀನು ತಿರುಗಿ ನಮ್ಮನ್ನು ನೋಡುತ್ತದೆ. ದಿನಾ ಆಹಾರ ಹಾಕುವವರು ಕೋಣೆಯೊಳಗೆ ಬಂದರೆ ಗಾಜಿನ ಹತ್ತಿರ ಓಡಿ ಬರುತ್ತದೆ. ಸಿಟ್ಟು ಬಂದರೆ ಬಣ್ಣ ಗಾಢವಾಗುತ್ತದೆ. ತನಗೆ ಬೇಡವಾದ ಕಲ್ಲನ್ನು ಬಾಯಲ್ಲಿ ಕಚ್ಚಿ ಒಯ್ದು ಬೇರೆಡೆ ಹಾಕುತ್ತದೆ. ಒಂದೊಂದೂವರೆ ವರ್ಷದಲ್ಲಿ ಹತ್ತು ಇಂಚು ಬೆಳೆದು ತೊಟ್ಟಿಯ ಯಜಮಾನನಾಗುತ್ತದೆ. ಆಗ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಪಾಪ, ಒಂದೇ ಐತಿ. ಜೋಡಿಗೆ ಇನ್ನೊಂದು ತರೂಣೇನ್ರಿ?’

ಆ ಪ್ರಶ್ನೆ ಎದ್ದಿರುವ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಜೊತೆಗಾರನ ಆಯ್ಕೆ ಅಂಗಡಿಯಲ್ಲಿ ಶುರುವಾಗುವುದಿಲ್ಲ. ಈಗಾಗಲೇ ಮನೆಯಲ್ಲಿರುವ ಮೀನಿನ ಮುಂದೆ ಕೂತಾಗ ಶುರುವಾಗುತ್ತದೆ. ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್ ಸಾಕುವುದರ ಸುಖವೆಲ್ಲ ಅದರ ನಡತೆ ನೋಡುವುದರಲ್ಲಿದೆ. ಸರಿಯಾದ ನೆರೆಯವರು ಬಂದರೆ ಆ ನಡತೆ ಅರಳುತ್ತದೆ, ತಪ್ಪು ನೆರೆಯವರು ಬಂದರೆ ಉಳಿಯುವುದು ಹರಿದ ರೆಕ್ಕೆ ಮತ್ತು ಮೂಲೆ ಸೇರಿದ ಮೀನು.

ಸಿಕ್ಲಿಡ್ ಬಹು ದೊಡ್ಡ ಕುಟುಂಬ. ವಿಜ್ಞಾನಿಗಳು ಹೆಸರಿಟ್ಟಿರುವ ಪ್ರಭೇದಗಳೇ 1,700ಕ್ಕೂ ಹೆಚ್ಚು. ಆಫ್ರಿಕಾದ ಸರೋವರಗಳು, ದಕ್ಷಿಣ ಮತ್ತು ಮಧ್ಯ ಅಮೆರಿಕದ ನದಿಗಳು, ಮಡಗಾಸ್ಕರ್, ನಮ್ಮ ದಕ್ಷಿಣ ಭಾರತ, ಶ್ರೀಲಂಕಾ, ಹೀಗೆ ಹರಡಿಕೊಂಡಿದೆ. ಬಾಯಿಯ ದವಡೆಯಲ್ಲದೆ ಗಂಟಲೊಳಗೆ ಚೆನ್ನಾಗಿ ಬೆಳೆದ ಇನ್ನೊಂದು ದವಡೆ ಇರುವುದು ಈ ಕುಟುಂಬದ ವಿಶೇಷ. ಹಿಡಿಯುವ ಕೆಲಸ ಮುಂದಿನದು, ಅರೆಯುವ ಕೆಲಸ ಹಿಂದಿನದು. ಮೊಟ್ಟೆ ಮರಿಗಳನ್ನು ಬಿಟ್ಟುಹೋಗದೆ ಕಾಯುವುದು ಎರಡನೆಯ ವಿಶೇಷ. ಕಾಯಬೇಕೆಂದರೆ ಜಾಗ ಬೇಕು, ಜಾಗ ಬೇಕೆಂದರೆ ಗಡಿ ಬೇಕು, ಗಡಿ ಇದ್ದಲ್ಲಿ ಜಗಳ ಇದ್ದೇ ಇದೆ. ಅದನ್ನು ಕೆಟ್ಟ ಗುಣ ಎಂದು ಬೈಯುವವರು ಈ ಮೀನು ತರಬಾರದು.

ಮೊದಲ ವಾರ ಏನನ್ನೂ ಕೊಳ್ಳಬೇಡಿ. ಸಂಜೆ ಹೊತ್ತು ತೊಟ್ಟಿಯ ಮುಂದೆ ಕೂತು ನೋಡಿ. ಮೀನು ಹೆಚ್ಚು ಹೊತ್ತು ನಿಲ್ಲುವುದು ಎಲ್ಲಿ, ಯಾವ ಕಲ್ಲಿನ ಪಕ್ಕ ಮರಳು ತೋಡುತ್ತದೆ, ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡರೆ ಏನು ಮಾಡುತ್ತದೆ, ಗಮನಿಸಿ. ಒಂದೇ ತಾಯಿಯ ಎರಡು ಆಸ್ಕರ್‌ಗಳಲ್ಲಿ ಒಂದು ಹಸುವಿನಂತೆ ಸಾಧು, ಇನ್ನೊಂದು ತನ್ನ ನೆರಳನ್ನೂ ಸಹಿಸದ್ದು ಆಗಿರಬಹುದು. ಪುಸ್ತಕದಲ್ಲಿ ಬರೆದಿರುವ ಸ್ವಭಾವ ಜಾತಿಯದು, ನಿಮ್ಮ ತೊಟ್ಟಿಯಲ್ಲಿರುವುದು ಒಂದೇ ಒಂದು ಮೀನು.

ಆ ಮೀನಿನ ಮಾತು ತಿಳಿಯಲು ಕೊಲ್ಹಾಪುರದವರಿಗೆ ಬೇರೆ ಗುರು ಬೇಕಿಲ್ಲ. ಶಾಹೂ ಮಹಾರಾಜರು ಕಟ್ಟಿಸಿದ, 1912ರಿಂದ ನಿಂತಿರುವ ಖಾಸಬಾಗ ಕುಸ್ತಿ ಮೈದಾನ ಊರ ನಡುವೆಯೇ ಇದೆ. ಅಲ್ಲಿ ಜೋಡಿ ಕಟ್ಟುವಾಗ ಹಿರಿಯರು ತೂಕ, ವಯಸ್ಸು, ಅನುಭವ ಎಲ್ಲವನ್ನೂ ಅಳೆಯುತ್ತಾರೆ. ಸಮಜೋಡಿ ಇದ್ದರೆ ಮಾತ್ರ ನೋಡುವವರಿಗೆ ರುಚಿ. ಸಿಕ್ಲಿಡ್‌ಗಳ ಕಾಳಗಕ್ಕೂ ಅಂಥದೇ ಕ್ರಮವಿದೆ. ಮೊದಲು ಎರಡೂ ಅಕ್ಕಪಕ್ಕ ನಿಂತು ರೆಕ್ಕೆಗಳನ್ನೆಲ್ಲ ಬಿಡಿಸಿ ಮೈಯ ಅಗಲ ತೋರಿಸುತ್ತವೆ. ಆಮೇಲೆ ಬಾಲ ಬೀಸುತ್ತವೆ. ನೀರಿನ ಆ ಹೊಡೆತ ಎದುರಾಳಿಯ ಪಕ್ಕೆಯುದ್ದಕ್ಕೂ ಇರುವ ಸಂವೇದನಾ ರೇಖೆಗೆ ತಾಗಿ, ಎದುರಿಗಿರುವವನ ಬಲ ಎಷ್ಟೆಂದು ತಿಳಿಸುತ್ತದೆ. ಮುಂದೆ ಕಿವಿರು ಮುಚ್ಚಳ ಉಬ್ಬಿಸಿ ಎದುರೆದುರು ನಿಲ್ಲುವುದು. ಅಷ್ಟಕ್ಕೂ ಇತ್ಯರ್ಥವಾಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ತಳ್ಳಾಟ. ಸೋಲು ಒಪ್ಪಿದ ಮೀನು ಬಣ್ಣ ಇಳಿಸಿ, ರೆಕ್ಕೆ ಮಡಚಿ ಹೊರಟುಹೋಗುತ್ತದೆ. ಮಧ್ಯ ಅಮೆರಿಕದ ಒಂದು ಸಿಕ್ಲಿಡ್‌ಗೆ ಜಗತ್ತಿನ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಗಿದ್ದ ಜಾಕ್ ಡೆಂಪ್ಸಿಯ ಹೆಸರನ್ನೇ ಇಟ್ಟಿದ್ದಾರೆ.

ನದಿಯಲ್ಲಿ ಸೋತ ಮೀನಿಗೆ ಹೋಗಲು ಜಾಗವಿದೆ. ನಾಲ್ಕಡಿ ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಸೋತು ಬಣ್ಣ ಇಳಿಸಿದರೂ ಅದು ಗೆದ್ದವನ ಕಣ್ಣೆದುರೇ ಇರುತ್ತದೆ, ಆದ್ದರಿಂದ ಹೊಡೆತ ನಿಲ್ಲುವುದಿಲ್ಲ. ದೊಡ್ಡ ಸಿಕ್ಲಿಡ್ ತೊಟ್ಟಿಗಳಲ್ಲಿ ಆಗುವ ಸಾವುಗಳಲ್ಲಿ ಬಹಳಷ್ಟಕ್ಕೆ ಇದೇ ಕಾರಣ.

ಹಾಗಾಗಿ ಮೊದಲು ಜಾಗದ ಲೆಕ್ಕ ಹಾಕಿ. ಒಂದು ಘನ ಅಡಿಗೆ ಸುಮಾರು 28 ಲೀಟರ್ ನೀರು. ನಮ್ಮ ಕಡೆ ಹೆಚ್ಚಾಗಿ ಮಾಡಿಸುವ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸುಮಾರು 255 ಲೀಟರ್ ಹಿಡಿಯುತ್ತದೆ. ಅದು ಒಂದೇ ಆಸ್ಕರ್‌ಗೂ ಸ್ವಲ್ಪ ಬಿಗಿ. 4 x 2 x 2 ಅಡಿಯದರಲ್ಲಿ 450 ಲೀಟರ್ ಆಗುತ್ತದೆ. ಜೊತೆಗಾರರ ಮಾತು ಇಲ್ಲಿಂದ ಮೇಲೆ. ಆರಡಿ ಉದ್ದದ್ದು ಆದರೆ ಮನಸ್ಸಿಟ್ಟು ಸಾಕಬಹುದು, ಆದರೆ ನೀರೊಂದೇ 680 ಕಿಲೋ ಭಾರ. ಹಳೆಯ ವಾಡೆಗಳ ಮಾಳಿಗೆಯ ಮೇಲೆ ಅದನ್ನು ಇಡಬೇಡಿ, ನೆಲಮಹಡಿಯಲ್ಲೇ ಇಡಿ. ಇಚಲಕರಂಜಿಯವರು ಮಗ್ಗದ ಶೆಡ್‌ಗೆ ಅಂಟಿದ ಗೋಡೆಯನ್ನೂ ಬಿಡಬೇಕು. ಮಗ್ಗಗಳ ಕಂಪನ ಹೊಸ ಮೀನಿನ ಸಂವೇದನಾ ರೇಖೆಗೆ ಹಗಲೆಲ್ಲ ತಾಗುತ್ತಲೇ ಇರುತ್ತದೆ.

ಇನ್ನು ಆಯ್ಕೆ. ನಾನು ನೋಡುವುದು ಮೂರು ಸಂಗತಿ: ಬಾಯಿ, ಹೋಲಿಕೆ, ನೀರಿನ ಮಟ್ಟ. ಆಸ್ಕರ್ ಬಾಯಲ್ಲಿ ಹಿಡಿಸುವ ಮೀನು ಅದಕ್ಕೆ ಊಟ, ಜೊತೆಗಾರನಲ್ಲ. ಹೊಸದು ಹೆಚ್ಚುಕಡಿಮೆ ಹಳೆಯದರ ಮೂರರಲ್ಲಿ ಎರಡು ಪಾಲಾದರೂ ದೊಡ್ಡದಿರಲಿ. ರೂಪದಲ್ಲಿ, ಬಣ್ಣದಲ್ಲಿ ತನ್ನಂತೆ ಕಾಣುವುದನ್ನು ಸಿಕ್ಲಿಡ್ ಎಲ್ಲಕ್ಕಿಂತ ಮೊದಲು ವೈರಿ ಎಂದು ಎಣಿಸುತ್ತದೆ. ಆದ್ದರಿಂದ ಬೇರೆ ಆಕಾರದ ಮೀನು ಒಳ್ಳೆಯದು. ಒಂದು ತಳದಲ್ಲಿ ಬದುಕುವುದಾದರೆ ಇನ್ನೊಂದು ನಡುನೀರಿನದಿರಲಿ.

ಇದಕ್ಕೆ ಸಿಲ್ವರ್ ಡಾಲರ್‌ಗಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ಬೆಳ್ಳಿ ತಟ್ಟೆಯ ಹಾಗೆ ಅಗಲ ಮೈ, ಆರು ಇಂಚಿನವರೆಗೆ ಬೆಳೆಯುತ್ತದೆ, ಸೊಪ್ಪು ತಿನ್ನುವ ಮೀನು. ಐದಾರು ಒಟ್ಟಿಗೆ ಬಿಟ್ಟರೆ ನಡುನೀರಿನಲ್ಲಿ ಗುಂಪಾಗಿ ಓಡಾಡುತ್ತವೆ. ಅವು ನಿರಾತಂಕವಾಗಿ ಓಡಾಡುವುದನ್ನು ಕಂಡು ಸಂಕೋಚದ ಆಸ್ಕರ್ ಕೂಡ ಮೂಲೆ ಬಿಟ್ಟು ಹೊರಬರುತ್ತದೆ. ಆ ಬದಲಾವಣೆ ನೋಡುವುದಕ್ಕಾದರೂ ಸಾಕಬೇಕು. ಸಿಕ್ಲಿಡ್‌ಗಳಲ್ಲೇ ಬೇಕೆಂದರೆ ಸೆವೆರಮ್ ಸೌಮ್ಯ. ತೈವಾನಿನಲ್ಲಿ ಹುಟ್ಟಿದ ಮಿಶ್ರತಳಿ ರೆಡ್ ಪ್ಯಾರಟ್‌ಗೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಕಚ್ಚಿದರೂ ಏಟು ತಾಗುವುದು ಕಡಿಮೆ. ಆದರೆ ಅದೇ ಕಾರಣಕ್ಕೆ ಅದು ನಿಧಾನವಾಗಿ ತಿನ್ನುತ್ತದೆ, ಆಸ್ಕರ್ ಎಲ್ಲವನ್ನೂ ಬಾಚಿ ನುಂಗುವುದರೊಳಗೆ ಅದರ ಪಾಲನ್ನು ಬೇರೆ ಮೂಲೆಯಲ್ಲಿ ಹಾಕಬೇಕು. ತಳಕ್ಕೆ ಸೆನೆಗಲ್ ಬಿಚಿರ್ ಚೆನ್ನ. ಹಾವಿನಂತೆ ಉದ್ದ, ದಪ್ಪ ಹುರುಪೆ, ಸಂಜೆಯ ನಂತರ ಚುರುಕಾಗುತ್ತದೆ, ಯಾರ ಗಡಿಗೂ ಹೋಗುವುದಿಲ್ಲ. ಟಿನ್‌ಫಾಯಿಲ್ ಬಾರ್ಬ್ ಅಡಿಗೂ ಹೆಚ್ಚು ಬೆಳೆಯುತ್ತದೆ, ಅದು ಆರಡಿ ತೊಟ್ಟಿ ಇರುವವರಿಗೆ ಮಾತ್ರ.

ಬೇಡವೇ ಬೇಡ ಎನ್ನುವ ಮೀನುಗಳೂ ಇವೆ. ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಮರಿ ಮೀಟರು ದಾಟಿ ಬೆಳೆಯುವ ನದಿಮೀನು. ‘ಪಿರಾನಾ’ ಎಂದು ಕೊಡುವುದು ಹೆಚ್ಚಾಗಿ ರೂಪಚಂದ್, ಅದನ್ನು ಊಟಕ್ಕೆ ಕೆರೆಗಳಲ್ಲಿ ಸಾಕುತ್ತಾರೆ. ರೆಡ್‌ಟೇಲ್ ಕ್ಯಾಟ್‌ಫಿಶ್ ತೊಟ್ಟಿಯಲ್ಲಿರುವ ಎಲ್ಲವನ್ನೂ ನುಂಗುತ್ತದೆ. ‘ಇದು ದೊಡ್ಡದಾಗೂದಿಲ್ಲ ಬಿಡ್ರಿ, ತೊಟ್ಟಿ ಎಷ್ಟೈತೋ ಅಷ್ಟಽ ಬೆಳಿತೈತಿ’ ಎಂಬ ಮಾತು ಎಲ್ಲ ಊರಲ್ಲೂ ಕೇಳಿಬರುತ್ತದೆ. ಅದು ಸುಳ್ಳು. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾದ ಮೀನು ರೋಗಿಷ್ಠ ಮೀನು. ಪಾಚಿ ತಿನ್ನುತ್ತದೆಂದು ಬಿಡುವ ಸಕ್ಕರ್ ಹಸಿದಾಗ ರಾತ್ರಿ ದೊಡ್ಡ ಮೀನಿನ ಮೈಗೆ ಅಂಟಿ ಲೋಳೆ ಹೀರುತ್ತದೆ, ಗಾಯವಾಗುತ್ತದೆ. ಕಾನ್ವಿಕ್ಟ್ ಎಂಬ ಪಟ್ಟೆಪಟ್ಟೆಯ ಸಿಕ್ಲಿಡ್ ಇರುವುದು ನಾಲ್ಕೈದು ಇಂಚು, ಆದರೆ ಜೋಡಿ ಮೊಟ್ಟೆ ಇಟ್ಟ ದಿನ ಹತ್ತು ಇಂಚಿನ ಆಸ್ಕರನ್ನೂ ಮೂಲೆಗಟ್ಟುತ್ತದೆ. ಮಲಾವಿ ಸರೋವರದ ಆಫ್ರಿಕನ್ ಸಿಕ್ಲಿಡ್‌ಗಳಿಗೆ ಗಡಸು, ಕ್ಷಾರೀಯ ನೀರು ಬೇಕು. ಅವನ್ನು ಆಸ್ಕರ್‌ನಂಥ ಅಮೆಜಾನಿನ ಮೀನುಗಳೊಂದಿಗೆ ಬೆರೆಸಬೇಡಿ. ಕೊಳವೆಬಾವಿಯ ಗಡಸು ನೀರೇ ಗತಿಯಾಗಿರುವವರು ಮಲಾವಿ ಮೀನುಗಳದ್ದೇ ಬೇರೆ ತೊಟ್ಟಿ ಮಾಡಿದರೆ ನೀರಿನ ಜೊತೆ ಗುದ್ದಾಡುವ ಕಷ್ಟ ತಪ್ಪುತ್ತದೆ.

ಫ್ಲವರ್‌ಹಾರ್ನ್ ಬಗ್ಗೆ ಒಂದೇ ಮಾತು. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಹಲವು ಸಿಕ್ಲಿಡ್‌ಗಳನ್ನು ಬೆರೆಸಿ ಮಾಡಿದ ಈ ತಳಿಯನ್ನು ಒಂಟಿಯಾಗಿಯೇ ಸಾಕಿ. ಅದರ ಜೊತೆಗಾರ ನೀವೇ.

ನಮ್ಮ ನಾಡಿನ ಸಿಕ್ಲಿಡ್‌ಗಳ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲಿಸಲು ಮನಸ್ಸಾಗುವುದಿಲ್ಲ. ಭಾರತದಲ್ಲಿ ಸಹಜವಾಗಿರುವುದು ಮೂರೇ ಪ್ರಭೇದ. ಕೇರಳದವರು ಕರಿಮೀನ್ ಎಂದು ಕರೆಯುವ, 2010ರಲ್ಲಿ ಆ ರಾಜ್ಯದ ಮೀನೆಂದು ಘೋಷಿತವಾದ ಹಸಿರು ಕ್ರೋಮೈಡ್ ಒಂದು. ಬೆರಳುದ್ದದ ಕಿತ್ತಳೆ ಕ್ರೋಮೈಡ್ ಇನ್ನೊಂದು. ಮೂರನೆಯದು ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳ ಕಡೆಯ ಕೆನರಾ ಕ್ರೋಮೈಡ್, 1877ರಲ್ಲಿ ಫ್ರಾನ್ಸಿಸ್ ಡೇ ಹೆಸರಿಟ್ಟ ಮೀನು. ಇವುಗಳ ಹತ್ತಿರದ ನೆಂಟರಿರುವುದು ಮಡಗಾಸ್ಕರ್‌ನಲ್ಲಿ. ಹಿನ್ನೀರುಗಳಲ್ಲಿ ಕಿತ್ತಳೆ ಕ್ರೋಮೈಡ್‌ಗಳು ದೊಡ್ಡ ಹಸಿರು ಕ್ರೋಮೈಡ್‌ಗಳ ಮೈ ಶುಚಿಮಾಡುತ್ತವೆ. ದೊಡ್ಡದು ಸುಮ್ಮನೆ ನಿಂತುಕೊಡುತ್ತದೆ, ಚಿಕ್ಕದು ರೆಕ್ಕೆಯ ಮೇಲಿನ ಬೂಷ್ಟು ಕಿತ್ತು ತಿನ್ನುತ್ತದೆ. 1972ರಲ್ಲಿ ಸಂಶೋಧಕರು ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಬಾಯಿ, ಗಾತ್ರದ ನನ್ನ ನಿಯಮವನ್ನು ಮೀರಿದ ಈ ಸ್ನೇಹವನ್ನು ಮನೆಯಲ್ಲಿ ನೋಡಬೇಕೆನ್ನುವವರು ಸಾಕಣೆಯಲ್ಲಿ ಹುಟ್ಟಿದ ಕ್ರೋಮೈಡ್‌ಗಳನ್ನೇ ಕೇಳಿ ತನ್ನಿ, ಎಳೆಯದಿರುವಾಗಲೇ ಒಟ್ಟಿಗೆ ಬೆಳೆಸಿ. ಕೆನರಾ ಕ್ರೋಮೈಡ್ ಅಳಿವಿನ ಅಂಚಿನಲ್ಲಿದೆ, ನದಿಯಿಂದ ಹಿಡಿದು ತಂದ ಮರಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಜೋಡಿಯ ಬಗ್ಗೆ ಇನ್ನೊಂದು ವಿಚಾರ. ಗಂಡು ಹೆಣ್ಣು ಎರಡೇ ಇದ್ದರೆ ಶಾಂತಿಯಿರುತ್ತದೆ ಎಂದುಕೊಳ್ಳುತ್ತೇವೆ. 1973ರಲ್ಲಿ ನೊಬೆಲ್ ಪಡೆದ ಕೊನ್ರಾಡ್ ಲೊರೆಂಜ್ ಬೇರೆಯದನ್ನೇ ಕಂಡರು. ನಡುವೆ ಗಾಜು ಹಾಕಿದ ತೊಟ್ಟಿಯ ಎರಡು ಪಾಲುಗಳಲ್ಲಿ ಎರಡು ಜೋಡಿ ಸಿಕ್ಲಿಡ್‌ಗಳಿದ್ದವು. ಗಂಡುಗಳು ಗಾಜಿನಾಚೆಯ ನೆರೆಯವನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದವು. ಗಾಜಿಗೆ ಪಾಚಿ ಕಟ್ಟಿ ನೆರೆಯವನು ಮಸುಕಾದಾಗ ತಮ್ಮ ಹೆಣ್ಣಿನ ಮೇಲೇ ಎರಗತೊಡಗಿದವು. ಗಾಜು ಒರೆಸಿದರೆ ಮತ್ತೆ ಸರಿ! ದೊಡ್ಡ ತೊಟ್ಟಿಯಲ್ಲಿ ಸಿಲ್ವರ್ ಡಾಲರಿನಂಥ ಚುರುಕು ಗುಂಪೊಂದು ಇರಬೇಕೆನ್ನುವುದು ಇದಕ್ಕಾಗಿಯೂ ಹೌದು. ಯಜಮಾನನ ಗಮನ ಹತ್ತು ಕಡೆ ಹಂಚಿಹೋಗುತ್ತದೆ, ಏಟು ಒಂದೇ ಮೈಮೇಲೆ ಬೀಳುವುದಿಲ್ಲ.

ಹೊಸ ಮೀನು ಬಂತೆನ್ನಿ. ದೂರದ ಊರಿನಿಂದ ಆಕ್ಸಿಜನ್ ತುಂಬಿದ ಚೀಲದಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ದಣಿದಿರುತ್ತದೆ. ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಡಿ, ರೋಗವಿದ್ದರೆ ಅಲ್ಲೇ ಹೊರಬೀಳಲಿ. ಬೆರೆಸುವ ದಿನ ಹಳೆಯ ಮೀನಿಗೆ ಹೊಟ್ಟೆ ತುಂಬ ಹಾಕಿ. ಆಮೇಲೆ ತೊಟ್ಟಿಯೊಳಗಿನ ಕಲ್ಲು, ಮರದ ಬೇರುಗಳ ಜಾಗವನ್ನೆಲ್ಲ ಬದಲಿಸಿ. ಹಳೆಯ ಗಡಿಗಳು ಅಳಿಸಿಹೋದರೆ ಇಬ್ಬರೂ ಹೊಸಬರೇ ಆಗುತ್ತಾರೆ. ದೀಪ ಆರಿಸಿ ಬಿಡಿ. ಸಾಧ್ಯವಾದರೆ ಒಂದು ವಾರ ನಡುವೆ ತೂತಿನ ತಡಿಕೆ ಹಾಕಿ, ಮುಖಪರಿಚಯ ಮೊದಲು ಆಗಲಿ. ಮೀನು ಹೆಚ್ಚಾದರೆ ಅಮೋನಿಯಾವೂ ಹೆಚ್ಚು. ಹೊಸ ಫಿಲ್ಟರ್‌ನಲ್ಲಿ ಅದನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಳದ ನೀರಿನ ಕ್ಲೋರಿನ್ ತೆಗೆಯದೆ ಹಾಕಬೇಡಿ. ಕರೆಂಟ್ ಹೋದಾಗ ದೊಡ್ಡ ಮೀನುಗಳಿಗೆ ಆಮ್ಲಜನಕ ಬೇಗ ಸಾಲದಾಗುತ್ತದೆ, ಬ್ಯಾಟರಿ ಏರ್ ಪಂಪ್ ಮನೆಯಲ್ಲಿರಲಿ.

ಮೊದಲ ದಿನದ ಅಟ್ಟಾಡಿಸುವಿಕೆಗೆ ಹೆದರಬೇಡಿ. ರೆಕ್ಕೆ ಬಿಡಿಸುವುದು, ಬಾಲ ಬೀಸುವುದು, ಒಮ್ಮೆ ಬಾಯಿ ಕಚ್ಚುವುದು, ಇವೆಲ್ಲ ಮಾತುಕತೆ. ಮೂರನೆಯ ದಿನವೂ ಒಂದು ಮೀನು ಮೇಲಿನ ಮೂಲೆಯಲ್ಲಿ ಬಣ್ಣಗೆಟ್ಟು ನಿಂತಿದ್ದರೆ, ಊಟಕ್ಕೆ ಬರದಿದ್ದರೆ, ಹುರುಪೆ ಕಿತ್ತಿದ್ದರೆ ಮಾತುಕತೆ ಮುಗಿದಿದೆ ಎಂದರ್ಥ. ಅಂದೇ ಬೇರೆ ಮಾಡಿ. ಕೆಲವು ಆಸ್ಕರ್‌ಗಳು ಒಂಟಿಯಾಗಿಯೇ ಹತ್ತು ಹದಿನೈದು ವರ್ಷ ಚೆನ್ನಾಗಿ ಬಾಳುತ್ತವೆ. ಅವಕ್ಕೆ ಜೋಡಿ ಇಲ್ಲವೆಂದು ಮರುಗಬೇಕಾಗಿಲ್ಲ.

ಹೊಂದದ ಮೀನನ್ನು ಏನು ಮಾಡಬೇಕು? ಅಂಗಡಿಗೆ ಹಿಂದಿರುಗಿಸಿ, ಅಥವಾ ದೊಡ್ಡ ತೊಟ್ಟಿ ಇರುವ ಗೆಳೆಯರಿಗೆ ಕೊಡಿ. ಪುಣ್ಯ ಬರುತ್ತದೆಂದು ಪಂಚಗಂಗೆಗೋ ರಂಕಾಳ ಕೆರೆಗೋ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಕೂಡ ಸಿಕ್ಲಿಡ್ಡೇ. ಅದು ಇಂದು ದೇಶದ ಎಷ್ಟೋ ಕೆರೆ ಅಣೆಕಟ್ಟುಗಳಲ್ಲಿ ನಾಡಮೀನುಗಳ ಜಾಗ ಕಸಿದು ಕೂತಿದೆ. ಸಕ್ಕರ್ ಮೀನೂ ಹಲವು ರಾಜ್ಯಗಳ ನೀರಿನಲ್ಲಿ ತುಂಬಿಕೊಂಡಿದೆ. ಗಡಹಿಂಗ್ಲಜದ ಪಕ್ಕದಲ್ಲಿ ಹರಿಯುವ ಹಿರಣ್ಯಕೇಶಿ ಹುಟ್ಟುವುದು ಆಂಬೋಲಿಯಲ್ಲಿ. ಅಲ್ಲಿನ ದೇವಸ್ಥಾನದ ನೀರಿನಲ್ಲಿ ಸಿಕ್ಕ ಪುಟ್ಟ ಮೀನೊಂದಕ್ಕೆ 2020ರಲ್ಲಿ ಆ ನದಿಯ ಹೆಸರನ್ನೇ ಇಟ್ಟು ಷಿಸ್ಟುರಾ ಹಿರಣ್ಯಕೇಶಿ ಎಂದು ಕರೆದರು. ಮರುವರ್ಷ ಆ ಜಾಗವನ್ನು ಮಹಾರಾಷ್ಟ್ರ ಸರಕಾರ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಆ ಮೀನಿನ ನದಿಗೆ ನಿಮ್ಮ ತೊಟ್ಟಿಯ ಒಂದು ಆಸ್ಕರ್ ಕೂಡ ಇಳಿಯದಂತೆ ನೋಡಿಕೊಳ್ಳಿ.