ಸೋತ ಗುರುಗಳ ಸಹವಾಸ

ಈ ವರ್ಷ ಓದಿದ್ದರಲ್ಲಿ ಮನಸ್ಸಿನಲ್ಲಿ ನಿಂತ ಪುಸ್ತಕಗಳನ್ನು ಬೇರೆ ತೆಗೆದಿಟ್ಟು ನೋಡಿದರೆ ಎಲ್ಲದರಲ್ಲೂ ಒಬ್ಬ ಗುರು ಇದ್ದಾನೆ, ಎಲ್ಲ ಗುರುಗಳೂ ಒಂದಲ್ಲ ಒಂದು ಬಗೆಯಲ್ಲಿ ಸೋತವರೇ. ಒಬ್ಬ ಕುಡುಕ. ಒಬ್ಬ ರೋಗಿ, ಊರಿನವರ ಕಣ್ಣಿಗೆ ಅವನೂ ಕುಡುಕ. ಮತ್ತೊಬ್ಬ ಕ್ರಿಸ್ತನ ಮುಖದ ಮೇಲೆ ಕಾಲಿಟ್ಟವನು. ಇನ್ನೊಬ್ಬನನ್ನು ಮೇಲಿನವರೇ ದೂರ ತಳ್ಳಿದ್ದಾರೆ. ಕೊನೆಯವನು ಸಾವು ಹತ್ತಿರ ಬಂದರೂ ಗೆಳೆಯನ ಮಗನ ಮೇಲಿನ ಕಹಿ ಬಿಡಲಾಗದೆ ಒದ್ದಾಡುವ ಮುದುಕ. ಹೀಗೇ ಓದಬೇಕೆಂದು ಯೋಜನೆ ಹಾಕಿಕೊಂಡು ಹೊರಟದ್ದಲ್ಲ. ಒಂದು ಪುಸ್ತಕ ಇನ್ನೊಂದನ್ನು ಕರೆದುಕೊಂಡು ಬಂತು. ಹೊಸ ಪುಸ್ತಕಗಳೂ ಅಲ್ಲ. ಇವುಗಳಲ್ಲಿ ಹಳೆಯದು 1936ರದ್ದು, ತೀರಾ ಈಚಿನದು 2004ರದ್ದು.

ನಮ್ಮ ಕ್ರೈಸ್ತ ಮನೆಗಳಲ್ಲಿ ಗುರುಗಳ ಬಗ್ಗೆ ಮಾತು ಬಂದರೆ ಅದು ಎರಡೇ ದಾರಿ ಹಿಡಿಯುತ್ತದೆ. ಒಂದೋ ಅವರು ದೇವರ ಪ್ರತಿನಿಧಿ, ಅವರ ಬಗ್ಗೆ ಚಕಾರ ಎತ್ತುವಂತಿಲ್ಲ. ಇಲ್ಲವೋ ಪೂಜೆ ಮುಗಿಸಿ ದೇವಾಲಯದ ಮೆಟ್ಟಿಲು ಇಳಿಯುತ್ತಿದ್ದ ಹಾಗೇ ಶುರುವಾಗುವ ದೂರು: ಪ್ರಸಂಗ ಉದ್ದವಾಯಿತು, ಹಬ್ಬದ ಲೆಕ್ಕ ಸರಿಯಿಲ್ಲ, ಶ್ರೀಮಂತರ ಮನೆಗೆ ಮಾತ್ರ ಹೋಗುತ್ತಾರೆ. ಪೀಠದ ಮುಂದೆ ನಿಂತ ಮನುಷ್ಯನಿಗೂ ಹಸಿವು, ಭಯ, ಒಂಟಿತನ ಇದೆ ಎಂಬುದನ್ನು ನಾವು ಗಂಭೀರವಾಗಿ ಯೋಚಿಸುವುದೇ ಅಪರೂಪ. ಈ ಕಾದಂಬರಿಗಳು ಅದನ್ನು ಯೋಚಿಸುವಂತೆ ಮಾಡಿದವು. ಜೊತೆಗೆ ಇನ್ನೂ ಕಷ್ಟದ ಒಂದು ಪ್ರಶ್ನೆಯನ್ನು ಮುಂದಿಟ್ಟವು. ಕೊಡುವವನ ಕೈಯೇ ಖಾಲಿಯಿದ್ದರೆ ಪಡೆಯುವವನಿಗೆ ಏನು ಸಿಗುತ್ತದೆ?

ಮೊದಲು ಗ್ರಹಾಂ ಗ್ರೀನ್ ಅವರ ‘ದ ಪವರ್ ಅಂಡ್ ದ ಗ್ಲೋರಿ’. ಮೈಸೂರಿನ ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹಸ್ತಪ್ರತಿಯನ್ನು ಮೆಚ್ಚಿ, 1935ರಲ್ಲಿ ಅದಕ್ಕೆ ಲಂಡನ್ನಿನ ಪ್ರಕಾಶಕರನ್ನು ಹುಡುಕಿಕೊಟ್ಟ ಗ್ರೀನ್ ಅವರೇ ಇವರು. 1938ರಲ್ಲಿ ಅವರು ಮೆಕ್ಸಿಕೋಗೆ ಹೋದರು. ಅಲ್ಲಿನ ತಬಾಸ್ಕೋ ರಾಜ್ಯದಲ್ಲಿ ಅದಕ್ಕೂ ಕೆಲವು ವರ್ಷ ಮೊದಲು ಗವರ್ನರ್ ಆಗಿದ್ದ ತೋಮಾಸ್ ಗರಿದೊ ಕನಬಾಲ್ ಇಗರ್ಜಿಗಳನ್ನು ಮುಚ್ಚಿಸಿ, ಕೆಡವಿಸಿ, ಗುರುಗಳು ಒಂದೋ ಮದುವೆಯಾಗಬೇಕು ಇಲ್ಲವೇ ರಾಜ್ಯ ಬಿಡಬೇಕು ಎನ್ನುವ ಪರಿಸ್ಥಿತಿ ತಂದಿಟ್ಟಿದ್ದ. ಆ ನೆಲದ ಮೇಲೆ ಗ್ರೀನ್ ಕಟ್ಟಿದ ಕಥೆ 1940ರಲ್ಲಿ ಹೊರಬಂತು. ಅದರ ನಾಯಕನಿಗೆ ಹೆಸರೇ ಇಲ್ಲ. ಕುಡಿತದ ಚಟವಿದೆ, ಒಂದು ಹಳ್ಳಿಯಲ್ಲಿ ಅವನಿಗೆ ಹುಟ್ಟಿದ ಮಗಳಿದ್ದಾಳೆ. ಉಳಿದ ಗುರುಗಳು ಓಡಿಹೋದರು, ಗುಂಡಿಗೆ ಬಲಿಯಾದರು ಅಥವಾ ಮದುವೆಯಾಗಿ ಪಿಂಚಣಿ ಪಡೆದು ಕೂತರು. ಉಳಿದವನು ಇವನೊಬ್ಬ.

ಈ ಪುಸ್ತಕದ ಒಂದು ದೃಶ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ಬಲಿಪೂಜೆಗೆ ದ್ರಾಕ್ಷಾರಸವೇ ಆಗಬೇಕು. ಬೇರೆ ಯಾವ ಹಣ್ಣಿನ ಮದ್ಯವೂ ನಡೆಯುವುದಿಲ್ಲ. ಪಾನನಿಷೇಧವಿರುವ ಆ ರಾಜ್ಯದಲ್ಲಿ ಅದು ಸಿಗುವುದು ಕಳ್ಳದಾರಿಯಲ್ಲಿ ಮಾತ್ರ. ಕೈಯಲ್ಲಿರುವ ಅಷ್ಟಿಷ್ಟು ಹಣ ಕೊಟ್ಟು, ಒಂದು ಹೋಟೆಲ್ ಕೋಣೆಯಲ್ಲಿ ಗವರ್ನರನ ಸಂಬಂಧಿಯಿಂದಲೇ ಅವನು ಒಂದು ಬಾಟಲಿ ದ್ರಾಕ್ಷಾರಸ ಕೊಳ್ಳುತ್ತಾನೆ, ಜೊತೆಗೆ ಬ್ರಾಂದಿ. ಮಾರಿದವನು ಎದುರಿಗೇ ಕೂತು, ಬನ್ನಿ ಒಂದು ಗುಟುಕು ಹಾಕೋಣ ಎನ್ನುತ್ತಾನೆ. ಬೇಡ ಎಂದರೆ ಗುಟ್ಟು ರಟ್ಟಾಗುತ್ತದೆ. ಬ್ರಾಂದಿ ಕುಡಿಯಿರಿ ಎಂದು ಇವನು ಮುಂದೆ ನೂಕಿದರೂ ಅವರ ಕೈ ಹೋಗುವುದು ದ್ರಾಕ್ಷಾರಸದ ಕಡೆಗೇ. ಪೊಲೀಸ್ ಅಧಿಕಾರಿಯೂ ಬಂದು ಸೇರಿಕೊಳ್ಳುತ್ತಾನೆ. ಒಂದೊಂದೇ ಲೋಟ ಖಾಲಿಯಾಗುವುದನ್ನು ನೋಡುತ್ತ ಗುರು ಅಳುತ್ತಾನೆ, ಉಳಿದವರು ಅದನ್ನು ಕುಡಿದವನ ಅಳು ಎಂದುಕೊಳ್ಳುತ್ತಾರೆ. ಕೊನೆಗೆ ಅವನ ಪಾಲಿಗೆ ಉಳಿಯುವುದು ಬ್ರಾಂದಿ, ಅವನು ಜೈಲು ಸೇರುವುದೂ ಆ ಬಾಟಲಿಯ ದೆಸೆಯಿಂದಲೇ. ಚಟಕ್ಕೆ ಬೇಕಾದದ್ದು ಕೈಯಲ್ಲಿದೆ, ಪೂಜೆಗೆ ಬೇಕಾದದ್ದು ಕಣ್ಣೆದುರೇ ಮುಗಿದುಹೋಯಿತು. ಒಬ್ಬ ಮನುಷ್ಯನ ದೈನ್ಯವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ ಲೇಖಕರನ್ನು ನಾನು ಕಂಡಿಲ್ಲ.

ಇವನು ಗಡಿ ದಾಟಿ ಸುರಕ್ಷಿತ ಜಾಗ ಸೇರುತ್ತಾನೆ. ಆದರೆ ಆಚೆ ಕಡೆ ಒಬ್ಬ ಕೊಲೆಗಾರ ಸಾಯುತ್ತಿದ್ದಾನೆ, ಪಾಪನಿವೇದನೆಗೆ ಕರೆಯುತ್ತಿದ್ದಾನೆ ಎಂದು ಒಬ್ಬ ಸುದ್ದಿ ತರುತ್ತಾನೆ. ಅದು ಬಲೆ ಎಂದು ಗೊತ್ತಿದ್ದೂ ಗುರು ಹಿಂದಿರುಗುತ್ತಾನೆ. ವ್ಯಾಟಿಕನ್ನಿನ ಅಧಿಕಾರಿಗಳು 1950ರ ದಶಕದಲ್ಲಿ ಈ ಕಾದಂಬರಿಗೆ ಆಕ್ಷೇಪ ಎತ್ತಿದ್ದರು. ಮುಂದೆ ಆರನೆಯ ಪೌಲ್ ಪೋಪ್ ಆದ ಮೇಲೆ ಗ್ರೀನ್ ಅವರನ್ನು ಭೇಟಿಯಾಗಿ, ನಿಮ್ಮ ಪುಸ್ತಕಗಳ ಕೆಲವು ಭಾಗ ಕೆಲವು ಕಥೋಲಿಕರಿಗೆ ನೋವು ಕೊಡುತ್ತಲೇ ಇರುತ್ತದೆ, ತಲೆಕೆಡಿಸಿಕೊಳ್ಳಬೇಡಿ ಎಂಬರ್ಥದ ಮಾತು ಹೇಳಿದರು. ಆ ಪೋಪರ ಬಗ್ಗೆ ನನ್ನ ಗೌರವ ಇಮ್ಮಡಿಸಿತು.

ಗ್ರೀನ್ ಕೈಹಿಡಿದು ಕರೆದೊಯ್ದದ್ದು ಜಪಾನಿನ ಶೂಸಾಕು ಎಂಡೋ ಬಳಿಗೆ. ಈ ವರ್ಷದ ಪುಸ್ತಕ ಯಾವುದೆಂದು ಕೇಳಿದರೆ ನನ್ನ ಉತ್ತರ ಒಂದೇ: ಎಂಡೋ ಅವರ ‘ಸೈಲೆನ್ಸ್’, 1966. ತಾಯಿಯ ಜೊತೆ ಬಾಲ್ಯದಲ್ಲೇ ಕ್ರೈಸ್ತರಾದ ಎಂಡೋ, ತಾವು ತೊಟ್ಟ ಈ ಧರ್ಮ ಮೈಗೆ ಸರಿಹೊಂದದ ವಿದೇಶಿ ಉಡುಪು ಎಂದು ಜೀವನವಿಡೀ ಹೇಳಿಕೊಂಡವರು. ಅದನ್ನು ಕಳಚಿ ಎಸೆಯದೆ, ಜಪಾನೀ ಮೈಗೆ ಹೊಂದುವಂತೆ ಮತ್ತೆ ಹೊಲಿಯಲು ಹೆಣಗಿದವರು. ಶ್ವಾಸಕೋಶದ ಕಾಯಿಲೆಯಿಂದ ವರ್ಷಗಟ್ಟಲೆ ನರಳಿದ ಅವರು ನಾಗಸಾಕಿಯಲ್ಲಿ ಒಂದು ಫುಮಿಯೆ ನೋಡಿದರು. ಕ್ರಿಸ್ತನ ಅಥವಾ ಮರಿಯಮ್ಮನವರ ಚಿತ್ರವನ್ನು ಕೆತ್ತಿ ಹಲಗೆಗೆ ಕೂರಿಸಿದ ಫಲಕ ಅದು. ಕ್ರೈಸ್ತರೆಂದು ಸಂಶಯವಿದ್ದವರನ್ನು ಅದರ ಮೇಲೆ ಕಾಲಿಡಿಸಿ ಪರೀಕ್ಷಿಸುತ್ತಿದ್ದರು. ತುಳಿದವನು ಉಳಿದ, ತುಳಿಯದವನು ಸತ್ತ. ಆ ಹಲಗೆಯ ಮೇಲೆ ಕಾಲ್ಬೆರಳುಗಳ ಕಪ್ಪು ಗುರುತು ಉಳಿದಿತ್ತು. ಹುತಾತ್ಮರ ಕಥೆ ಬರೆಯುವವರು ಬೇಕಾದಷ್ಟಿದ್ದರು. ಎಂಡೋ ಆ ಬೆರಳುಗಳ ಒಡೆಯರ ಕಥೆ ಬರೆಯಲು ಕೂತರು.

ಸಂತ ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಕಾಲಿಟ್ಟರು. ಗೋವಾಕ್ಕೆ ಹೋಗಿ ಅವರ ಪಾರ್ಥಿವ ಶರೀರ ನೋಡಿಬಂದ ನಮ್ಮ ಕರಾವಳಿಯವರಲ್ಲಿ ಅವರು ಅಲ್ಲಿ ಬಿತ್ತಿದ್ದು ಮುಂದೆ ಏನಾಯಿತು ಎಂದು ಬಲ್ಲವರು ಕಡಿಮೆ. 1614ರಲ್ಲಿ ಧರ್ಮನಿಷೇಧದ ಆಜ್ಞೆ ಬಂತು. 1633ರಲ್ಲಿ ಪೋರ್ಚುಗೀಸ್ ಯೇಸುಸಭೆಯ ಹಿರಿಯ ಗುರು ಕ್ರಿಸ್ಟೋವಾವ್ ಫೆರೇರಾ ಚಿತ್ರಹಿಂಸೆ ತಾಳಲಾರದೆ ಧರ್ಮ ತೊರೆದ, ಇದು ಚರಿತ್ರೆ. ಕಾದಂಬರಿಯಲ್ಲಿ ಅವನ ಶಿಷ್ಯ ರೊಡ್ರಿಗಸ್ ಇದನ್ನು ನಂಬಲಾರದೆ ಗೋವಾ, ಮಕಾವ್ ದಾಟಿ ಕದ್ದುಮುಚ್ಚಿ ಜಪಾನ್ ಸೇರುತ್ತಾನೆ. ಹಳ್ಳಿಯ ಬಡ ಕ್ರೈಸ್ತರನ್ನು ಸಮುದ್ರದ ಅಂಚಿನಲ್ಲಿ ಕಂಬಕ್ಕೆ ಕಟ್ಟಿ ಭರತದ ನೀರಿಗೆ ಬಿಡುವುದನ್ನು ಅವನು ಮರೆಯಿಂದ ನೋಡಬೇಕಾಗುತ್ತದೆ. ಸಮುದ್ರ ಎಂದಿನಂತೆ ಇದೆ, ದೇವರು ಮಾತಾಡುವುದಿಲ್ಲ.

ಕೊನೆಯ ರಾತ್ರಿ ಸೆರೆಮನೆಯ ಕತ್ತಲೆಯಲ್ಲಿ ರೊಡ್ರಿಗಸ್‌ಗೆ ಗೊರಕೆಯ ಸದ್ದು ಕೇಳಿಸುತ್ತದೆ. ತಾನು ಸಾವಿಗೆ ಸಿದ್ಧನಾಗುತ್ತಿದ್ದರೆ ಯಾವನೋ ಕಾವಲುಗಾರ ಹಾಯಾಗಿ ಮಲಗಿದ್ದಾನೆ ಎಂದು ಅವನಿಗೆ ಸಿಟ್ಟು. ಅದು ಗೊರಕೆಯಲ್ಲ ಎಂದು ಹೇಳಲು ಬರುವವನು ಫೆರೇರಾ. ಹೊಲಸು ತುಂಬಿದ ಗುಂಡಿಯಲ್ಲಿ ತಲೆಕೆಳಗಾಗಿ ತೂಗುಬಿದ್ದ ರೈತರ ನರಳಾಟ ಅದು. ಅವರು ಈಗಾಗಲೇ ಧರ್ಮ ಬಿಟ್ಟಿದ್ದಾರೆ. ಆದರೂ ಅವರನ್ನು ಕೆಳಗಿಳಿಸಿಲ್ಲ, ಏಕೆಂದರೆ ಅಧಿಕಾರಿಗಳಿಗೆ ಬೇಕಾದದ್ದು ಗುರುವಿನ ಕಾಲು. ತನ್ನ ಪ್ರಾಣ ಕೊಡಲು ಸಿದ್ಧನಾಗಿ ಬಂದವನಿಗೆ ಆ ಅವಕಾಶವೇ ಇಲ್ಲ. ಅವನು ಕೊಡಬೇಕಾದದ್ದು ತನ್ನ ಹೆಸರನ್ನು, ತನ್ನ ಪೂಜೆಯನ್ನು, ಇಷ್ಟು ವರ್ಷ ಮನಸ್ಸಿನಲ್ಲಿ ಆರಾಧಿಸಿದ ಆ ಮುಖವನ್ನು. ಬೆಳಗಾಗುವ ಹೊತ್ತಿಗೆ ಅವನು ಕಾಲಿಡುತ್ತಾನೆ. ಇದು ಪ್ರೀತಿಯೋ ಪತನವೋ ಎಂದು ಕಥೋಲಿಕರು ಜಪಾನಿನಲ್ಲೂ ಹೊರಗೂ ಇಂದಿಗೂ ವಾದಿಸುತ್ತಾರೆ. ನನ್ನ ಮಟ್ಟಿಗೆ ಅದು ಎರಡೂ. ಎರಡನ್ನೂ ಬೇರ್ಪಡಿಸಲಾಗದ ಹಾಗೆ ಬರೆದಿರುವುದರಲ್ಲೇ ಎಂಡೋ ಅವರ ದೊಡ್ಡತನವಿದೆ.

ಇದೇ ಕಾದಂಬರಿಯ ಕಿಚಿಜಿರೊ ಎಂಬವನನ್ನು ಮಾತ್ರ ಮರೆಯುವಂತಿಲ್ಲ. ಇವನು ತುಳಿಯುತ್ತಾನೆ, ಅಳುತ್ತಾನೆ, ಮತ್ತೆ ತುಳಿಯುತ್ತಾನೆ, ಬೆಳ್ಳಿಯ ಆಸೆಗೆ ಗುರುವನ್ನೇ ಹಿಡಿದುಕೊಡುತ್ತಾನೆ. ಪ್ರತಿ ಸಲವೂ ಹಿಂದೆಯೇ ಬಂದು ಪಾಪನಿವೇದನೆ ಬೇಡುತ್ತಾನೆ. ಬಲಶಾಲಿಯಾಗಿ ಹುಟ್ಟದವನು ಏನು ಮಾಡಬೇಕು ಎಂಬುದು ಅವನ ಅಳಲು. ಧರ್ಮ ತೊರೆದು ಮನೆಬಂಧನದಲ್ಲಿರುವ ರೊಡ್ರಿಗಸ್‌ನ ಬಾಗಿಲಿಗೂ ಅವನು ಬರುತ್ತಾನೆ. ಗುರುತನ ಕಳೆದುಕೊಂಡವನು ಮಿತ್ರದ್ರೋಹಿಗೆ ಕ್ಷಮೆಯ ಮಾತು ಹೇಳುತ್ತಾನೆ. ಆ ಪುಟಗಳನ್ನು ಓದಿದ ವಾರ ನಾನು ಪಾಪನಿವೇದನೆಗೆ ಹೋಗಿ ಮೊಣಕಾಲೂರಿದಾಗ ಜಾಲರಿಯ ಆಚೆ ಕೂತವರ ಆಯಾಸದ ಉಸಿರು ಮೊದಲ ಬಾರಿಗೆ ಕಿವಿಗೆ ಬಿತ್ತು.

ಕೊಡುವವನ ಕೈಯೇ ಖಾಲಿಯಿದ್ದರೆ ಎಂಬ ಪ್ರಶ್ನೆ ಹೊಸದೇನಲ್ಲ. 303ರಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಹಿಂಸೆ ಶುರುಮಾಡಿದಾಗ ಉತ್ತರ ಆಫ್ರಿಕಾದ ಕೆಲವು ಗುರುಗಳು ಹೆದರಿ ಪವಿತ್ರ ಗ್ರಂಥಗಳನ್ನು ಸೈನಿಕರ ಕೈಗೆ ಕೊಟ್ಟುಬಿಟ್ಟರು. ಅಂಥವರಿಂದ ಅಭಿಷೇಕ ಪಡೆದ ಬಿಷಪರು ಬಿಷಪರೇ ಅಲ್ಲ, ಅವರು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲ ಎಂದು ದೊನಾತಿಸ್ಟರು ಹಟ ಹಿಡಿದರು. ನೂರು ವರ್ಷವಾದರೂ ಜಗಳ ಆರಲಿಲ್ಲ. ದೀಕ್ಷಾಸ್ನಾನ ಕೊಡುವವನು ಕ್ರಿಸ್ತನೇ, ಗುರುವಿನ ಯೋಗ್ಯತೆಯ ಮೇಲೆ ಅದು ನಿಂತಿಲ್ಲ ಎಂದು ಸಂತ ಅಗಸ್ಟೀನರು ವಾದಿಸಿದರು. 411ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಸಭೆಯಲ್ಲಿ ಅಗಸ್ಟೀನರ ಪಕ್ಷವೇ ಗೆದ್ದಿತು. ಧರ್ಮೋಪದೇಶದ ಪುಸ್ತಕದಲ್ಲಿ ಒಂದು ಸಾಲಾಗಿ ಓದಿ ಮುಂದೆ ಹೋಗಿದ್ದ ಆ ಬೋಧನೆಗೆ ಗ್ರೀನ್, ಎಂಡೋ ರಕ್ತಮಾಂಸ ತುಂಬಿದರು. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬಲಹೀನತೆ ಬೇರೆ, ಅಧಿಕಾರ ಬಳಸಿ ಮಾಡುವ ಅನ್ಯಾಯ ಬೇರೆ. ಮಕ್ಕಳನ್ನು, ದುರ್ಬಲರನ್ನು ನೋಯಿಸಿದವರಿಗೆ ಈ ಕಾದಂಬರಿಗಳಲ್ಲಿ ಆಸರೆಯಿಲ್ಲ. ಗ್ರೀನ್ ಅವರ ಗುರು ತನ್ನ ಮಗಳ ಮುಖ ನೋಡಿ ತನ್ನನ್ನು ತಾನು ಕ್ಷಮಿಸಿಕೊಳ್ಳುವುದಿಲ್ಲ. ಆ ಮಗುವನ್ನು ಉಳಿಸು, ಬೇಕಾದರೆ ನನ್ನನ್ನು ನರಕಕ್ಕೆ ಹಾಕು ಎಂಬ ತೀವ್ರತೆಯಲ್ಲಿ ಪ್ರಾರ್ಥಿಸುತ್ತಾನೆ.

ಎಂಡೋ ಅವರ ‘ಡೀಪ್ ರಿವರ್’ ಬಂದದ್ದು 1993ರಲ್ಲಿ, ಅವರ ಸಾವಿಗೆ ಮೂರು ವರ್ಷ ಮೊದಲು. ಇದು ನಡೆಯುವುದು ನಮ್ಮ ವಾರಾಣಸಿಯಲ್ಲಿ, ಇಂದಿರಾ ಗಾಂಧಿ ಹತ್ಯೆಯಾದ 1984ರ ದಿನಗಳಲ್ಲಿ. ಓತ್ಸು ಎಂಬ ಎಲ್ಲರ ನಗೆಪಾಟಲಿಗೆ ಗುರಿಯಾದ ಜಪಾನೀ ಗುರು ಪಂಚೆಯುಟ್ಟು, ಬೀದಿಯಲ್ಲಿ ಬಿದ್ದ ಅನಾಥರನ್ನು ಹೆಗಲ ಮೇಲೆ ಹೊತ್ತು ಗಂಗೆಯ ದಡಕ್ಕೆ ಒಯ್ಯುತ್ತಾನೆ. ದೇವರಿಗೆ ಅನೇಕ ಮುಖಗಳು ಎಂದದ್ದಕ್ಕೆ ಫ್ರಾನ್ಸಿನ ಗುರುಮಠದವರು ಅವನನ್ನು ದೂರವಿಟ್ಟಿದ್ದಾರೆ. ಕಾದಂಬರಿಯಾಗಿ ಇದು ‘ಸೈಲೆನ್ಸ್’ನಷ್ಟು ಬಿಗಿಯಾಗಿಲ್ಲ, ಪ್ರವಾಸಿಗರ ಗುಂಪಿನ ಕಥೆಗಳು ಅಲ್ಲಲ್ಲಿ ಸಡಿಲ, ಭಾರತವೂ ಕೆಲವೆಡೆ ಹೊರಗಿನವರು ಕಾಣುವ ಭಾರತವೇ. ಆದರೂ ಓತ್ಸು ಬಂದ ಪುಟಗಳೆಲ್ಲ ಬೆಳಗುತ್ತವೆ. ಎಂಡೋ ತಮ್ಮ ಶವಪೆಟ್ಟಿಗೆಯಲ್ಲಿ ಈ ಎರಡು ಕಾದಂಬರಿಗಳನ್ನು ಇರಿಸಲು ಹೇಳಿದ್ದರು.

ಜಾರ್ಜ್ ಬೆರ್ನನೋಸ್ ಅವರ ‘ಹಳ್ಳಿಯ ಗುರುವಿನ ದಿನಚರಿ’ಗೆ ಬಂದಾಗ ಮಳೆಗಾಲ ಮುಗಿದಿತ್ತು. 1936ರ ಈ ಫ್ರೆಂಚ್ ಕಾದಂಬರಿಯನ್ನು ಓದುವುದು ಸುಲಭವಲ್ಲ. ಕಥೆ ನಿಧಾನ, ಚರ್ಚೆ ದೀರ್ಘ. ಹೊಟ್ಟೆನೋವಿನಿಂದ ಬ್ರೆಡ್ಡು, ವೈನು ಬಿಟ್ಟು ಬೇರೇನೂ ತಿನ್ನಲಾಗದ ಯುವಕ ಗುರುವನ್ನು ಊರು ಕುಡುಕನೆಂದು ತೀರ್ಮಾನಿಸಿದೆ. ಅದು ಕ್ಯಾನ್ಸರ್ ಎಂದು ಗೊತ್ತಾಗುವುದು ಕೊನೆಯಲ್ಲಿ. ಮಗನನ್ನು ಕಳೆದುಕೊಂಡು ವರ್ಷಗಟ್ಟಲೆ ದೇವರ ಮೇಲೆ ಹಗೆ ಸಾಧಿಸಿದ ಸಿರಿವಂತ ತಾಯಿಯೊಬ್ಬಳೊಂದಿಗೆ ಅವನ ಮಾತುಕತೆ ಈ ಪುಸ್ತಕದ ಹೃದಯ. ಮಗನ ಕೂದಲಿದ್ದ ಪದಕವನ್ನು ಅವಳು ಬೆಂಕಿಗೆ ಎಸೆದಾಗ ಗುರು ಕೈಹಾಕಿ ಅದನ್ನು ಹೊರತೆಗೆಯಲು ನೋಡುತ್ತಾನೆ. ಅವಳಿಗೆ ಶಾಂತಿ ಸಿಗುತ್ತದೆ, ಆ ರಾತ್ರಿಯೇ ಅವಳು ಸಾಯುತ್ತಾಳೆ. ತನ್ನೊಳಗೆ ಇಲ್ಲದ ಶಾಂತಿಯನ್ನು ಇನ್ನೊಬ್ಬರಿಗೆ ಕೊಟ್ಟೆನಲ್ಲ ಎಂದು ಗುರು ಬೆರಗಾಗುತ್ತಾನೆ. ವರ್ಷದುದ್ದಕ್ಕೂ ನನ್ನನ್ನು ಕಾಡಿದ ಪ್ರಶ್ನೆಗೆ ಉತ್ತರ ಹತ್ತಿರ ಬಂದದ್ದು ಇಲ್ಲಿ. ರಾಬರ್ಟ್ ಬ್ರೆಸ್ಸನ್ ಇದನ್ನು 1951ರಲ್ಲಿ ಸಿನಿಮಾ ಮಾಡಿದ್ದಾರೆ. ಪುಸ್ತಕ ಭಾರವೆನಿಸಿದವರು ಅದನ್ನಾದರೂ ನೋಡಲಿ.

ಮೆರಿಲಿನ್ ರಾಬಿನ್‌ಸನ್ ಅವರ ‘ಗಿಲಿಯಡ್’ (2004) ಇವುಗಳ ನಡುವೆ ಬೆಳಕಿನ ಪುಸ್ತಕ. 1956ರ ಅಮೆರಿಕದ ಅಯೋವಾ, ಎಪ್ಪತ್ತಾರು ವರ್ಷದ ಪ್ರಾಟೆಸ್ಟೆಂಟ್ ಬೋಧಕ ಜಾನ್ ಏಮ್ಸ್. ಹೃದಯ ಕೈಕೊಡುತ್ತಿದೆ, ಏಳು ವರ್ಷ ತುಂಬದ ಮಗನಿಗೆ ಕಾಗದ ಬರೆಯುತ್ತಿದ್ದಾನೆ. ಬಿಸಿಲು, ನೀರು, ಮಗುವಿನ ಹಣೆ ಎಲ್ಲವನ್ನೂ ಆಶೀರ್ವಾದವೆಂದು ಕಾಣಬಲ್ಲ ಈತ, ಗೆಳೆಯನ ದಾರಿತಪ್ಪಿದ ಮಗ ಜಾಕ್‌ನನ್ನು ಮಾತ್ರ ಸಹಿಸಲಾರ. ತಾನು ಸತ್ತ ಮೇಲೆ ಹೆಂಡತಿ, ಮಗನ ಬದುಕಿನಲ್ಲಿ ಅವನು ಬಂದುಬಿಟ್ಟಾನೆಂಬ ಅಂಜಿಕೆ. ಕೊನೆಗೆ ಊರು ಬಿಡುತ್ತಿರುವ ಜಾಕ್‌ನ ಹಣೆಯ ಮೇಲೆ ಬಸ್ಸು ಕಾಯುವ ಜಾಗದಲ್ಲಿ ಕೈಯಿಟ್ಟು ಹರಸುತ್ತಾನೆ. ಅಷ್ಟೇ ಕಥೆ.

ಕನ್ನಡದಲ್ಲಿ ಈ ಸಾಲಿಗೆ ನಾನು ಸೇರಿಸುವುದು ನಾ. ಡಿಸೋಜ ಅವರ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’. ‘ದ್ವೀಪ’, ‘ಮುಳುಗಡೆ’ಗಳ ಲೇಖಕರೆಂದೇ ಅವರನ್ನು ನೆನೆಯುವ ನಾವು, ಮಲೆನಾಡಿನ ಕ್ರೈಸ್ತರ ಬದುಕನ್ನು ಕನ್ನಡದೊಳಗೆ ತಂದ ಡಿಸೋಜರನ್ನು ಕಡಿಮೆ ಓದಿದ್ದೇವೆ. ತಪಸ್ಸುಕಾಲದಲ್ಲಿ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನೂ ಮತ್ತೆ ತೆಗೆದೆ. ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಬರೆದ ಕವಿಯೇ ಕ್ರಿಸ್ತನ ಕೊನೆಯ ದಿನವನ್ನೂ ಬರೆದರು. ಮಂಜೇಶ್ವರದ ಆ ಮಹನೀಯರಿಗೆ ಕನ್ನಡ ಕ್ರೈಸ್ತರ ಋಣ ದೊಡ್ಡದು, ನಮ್ಮ ಧರ್ಮಕೇಂದ್ರಗಳಲ್ಲಿ ಶುಭ ಶುಕ್ರವಾರದಂದು ಅದರ ವಾಚನ ನಡೆಯಬೇಕೆಂದು ನನ್ನ ಆಸೆ.

ಯಾವುದರಿಂದ ಶುರುಮಾಡಲಿ ಎನ್ನುವವರಿಗೆ: ಮೊದಲು ಗ್ರೀನ್, ಓಟ ಬೇಕೆನ್ನುವ ಓದುಗರನ್ನು ಅದು ಕೊನೆಯವರೆಗೂ ಬಿಡುವುದಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದರೆ ‘ಗಿಲಿಯಡ್’, ದಿನಕ್ಕೆ ನಾಲ್ಕೈದು ಪುಟ ಸಾಕು. ‘ಸೈಲೆನ್ಸ್’ ಅನ್ನು ಕ್ರಿಸ್ಮಸ್ ಗದ್ದಲದ ನಡುವೆ ಹಿಡಿಯಬೇಡಿ, ತಪಸ್ಸುಕಾಲಕ್ಕೆ ಎತ್ತಿಡಿ. ಓದಿ ಮುಗಿದ ಮೇಲೆ ಅದನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಕೊಡಿ, ವಾರ ಬಿಟ್ಟು ಹೋಗಿ ಅವರಿಗೇನನ್ನಿಸಿತು ಎಂದು ಕೇಳಿ.