ಹೆಸರೇ ಬೀಗವಾದಾಗ

ಪುಸ್ತಕದಲ್ಲಿ ಪ್ರಕಾಶಕರ ಹೆಸರಿರುವ ಪುಟವನ್ನು ನಾವು ಸಾಮಾನ್ಯವಾಗಿ ಓದದೆ ತಿರುವಿಬಿಡುತ್ತೇವೆ. ವಿಡಿಯೋ ಗೇಮಿನಲ್ಲಿ ಆ ಸ್ವಾತಂತ್ರ್ಯ ಕಡಿಮೆ. ಪರದೆಯ ಮೇಲೆ ಲಾಂಛನ ಬಂದು ಹೋಗುವವರೆಗೆ ಆಡುವವನು ಕಾಯಬೇಕು.

1991ರಲ್ಲಿ ಜಪಾನಿನ ಸೇಗಾ ಕಂಪೆನಿಯ 'ಸೋನಿಕ್ ದ ಹೆಡ್ಜ್‌ಹಾಗ್' ಬಂತು. ಬಿಳಿ ಪರದೆ, ನೀಲಿ ಅಕ್ಷರ, ಜೊತೆಗೆ 'ಸೇ-ಗಾ' ಎಂಬ ಗುಂಪುದನಿ. ಆ ದನಿ ಜಪಾನಿನ ಟಿ.ವಿ. ಜಾಹೀರಾತಿನದು. ಇಡೀ ಆಟ ಅರ್ಧ ಮೆಗಾಬೈಟ್. ಅದರಲ್ಲಿ ಎಂಟರಲ್ಲೊಂದು ಪಾಲನ್ನು ಈ ಎರಡಕ್ಷರದ ಕೂಗೇ ತಿಂದಿತ್ತೆಂದು ಅದರ ಪ್ರೋಗ್ರಾಮರ್ ಯೂಜಿ ನಾಕಾ ಹೇಳಿದ್ದಾರೆ. ಎಂಟು ಪುಟದ ಕಥೆ ಬರೆದು, ಒಂದು ಪುಟವನ್ನು ಪ್ರಕಾಶಕರ ಹೆಸರಿಗೇ ಬಿಟ್ಟುಕೊಟ್ಟ ಹಾಗೆ! ಆದರೂ ಕೂಗಿನಲ್ಲಿ ಹುಮ್ಮಸ್ಸಿದೆ, ಸುಳ್ಳಿಲ್ಲ.

ಸುಳ್ಳು ಬಂದದ್ದು ಬೇರೆ ಕಡೆಯಿಂದ. ಅಮೆರಿಕದಲ್ಲಿ 'ಜೆನೆಸಿಸ್' ಎಂದು ಮಾರಾಟವಾಗುತ್ತಿದ್ದ ತನ್ನ ಯಂತ್ರಕ್ಕೆ ಸೇಗಾ ಹೊಸದೊಂದು ಬೀಗ ಹಾಕಿತು. ಆಟದ ಕಾರ್ಟ್ರಿಡ್ಜಿನ ನಿಗದಿತ ಜಾಗದಲ್ಲಿ ಎಸ್, ಇ, ಜಿ, ಎ ಎಂಬ ನಾಲ್ಕಕ್ಷರ ಸಿಕ್ಕರಷ್ಟೇ ಯಂತ್ರ ಆಟವನ್ನು ನಡೆಸುತ್ತದೆ. ಸಿಕ್ಕೊಡನೆ, 'ಸೇಗಾ ತಯಾರಿಸಿದ್ದು, ಇಲ್ಲವೇ ಸೇಗಾದ ಪರವಾನಗಿ ಪಡೆದದ್ದು' ಎಂಬರ್ಥದ ಒಕ್ಕಣೆಯನ್ನು ತಾನೇ ಪರದೆಗೆ ತರುತ್ತದೆ. ಅಕೋಲೇಡ್ ಎಂಬ ಅಮೆರಿಕನ್ ಕಂಪೆನಿ ಪರವಾನಗಿಯಿಲ್ಲದೆ ಆಟಗಳನ್ನು ಮಾಡುತ್ತಿತ್ತು. ಬಾಗಿಲು ತೆರೆಯಲು ಆ ನಾಲ್ಕಕ್ಷರ ಬರೆಯಿತು. ಯಂತ್ರ ಅದರ ಆಟದ ಮೇಲೂ ಆ ಮಾತನ್ನೇ ತೋರಿಸಿತು. ನಮ್ಮ ಟ್ರೇಡ್‌ಮಾರ್ಕ್ ಕದ್ದರೆಂದು ಸೇಗಾ ಕೋರ್ಟಿಗೆ ಹೋಯಿತು!

ಉರ್ದುವಿನಲ್ಲಿ ಮುದ್ರೆಗೆ 'ಮೊಹರ್' ಎನ್ನುತ್ತೇವೆ. ಮೊಹರು ಒತ್ತಿದವನು ಅದಕ್ಕೆ ಜವಾಬ್ದಾರ. ಇಲ್ಲಿ ಒತ್ತಿದ್ದು ಸೇಗಾದ ಯಂತ್ರ, ಅಪರಾಧಿ ಮಾತ್ರ ಒಳಗೆ ಬಂದ ಅತಿಥಿ. ಕೆಳಗಿನ ಕೋರ್ಟು ಸೇಗಾ ಪರ ನಿಂತಿತು. 1992ರಲ್ಲಿ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿ, ಈ ಗೊಂದಲಕ್ಕೆ ಮುಖ್ಯ ಹೊಣೆ ಸೇಗಾದ್ದೇ ಎಂದಿತು. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಬೇರೆ ದಾರಿಯಿಲ್ಲದಾಗ ಅದರ ಪ್ರೋಗ್ರಾಮನ್ನು ಬಿಚ್ಚಿ ನೋಡುವುದೂ ನ್ಯಾಯಯುತವೆಂದು ಹೇಳಿತು. ನಮ್ಮ ಮಟ್ಟಿಗೆ ಸೋನಿಕ್‌ನ ಕೂಗಿಗಿಂತ ಈ ತೀರ್ಪೇ ಆ ಲಾಂಛನದ ಇತಿಹಾಸದಲ್ಲಿ ದೊಡ್ಡ ಘಟನೆ. ಹೆಸರು ಗುರುತಾಗಿರಬಹುದು, ಆದರೆ ಬೀಗದ ಕೈಯಾಗಿ ಬಳಸಿದ ಮೇಲೆ ಅದನ್ನು ಮುಟ್ಟಿದವನನ್ನು ಕಳ್ಳನೆನ್ನುವ ಹಕ್ಕು ಎಲ್ಲಿಂದ ಬರಬೇಕು?

2001ರಲ್ಲಿ ಸೇಗಾ ಯಂತ್ರ ತಯಾರಿಕೆಯಿಂದ ಹಿಂದೆ ಸರಿದು ಆಟಗಳ ಪ್ರಕಾಶಕನಾಗಿ ಉಳಿಯಿತು. ಅದೇ ವರ್ಷ ಸೋನಿಕ್ ಹಳೆಯ ಎದುರಾಳಿ ನಿಂಟೆಂಡೋದ 'ಗೇಮ್ ಬಾಯ್ ಅಡ್ವಾನ್ಸ್'ಗೆ ಬಂದ. ಆ ಯಂತ್ರಕ್ಕೂ ಒಂದು ಬೀಗವಿತ್ತು. ಪ್ರತಿ ಕಾರ್ಟ್ರಿಡ್ಜಿನೊಳಗೂ ನಿಂಟೆಂಡೋದ ಲಾಂಛನ ಇರಬೇಕು, ಇಲ್ಲದಿದ್ದರೆ ಆಟ ಶುರುವಾಗದು. ಸೇಗಾ ಅದನ್ನು ಇಟ್ಟಿತು. ಮೊದಲು ನಿಂಟೆಂಡೋದ ಹೆಸರು ಬರುತ್ತಿತ್ತು, ಸೇಗಾದ್ದು ಆಮೇಲೆ.